ಸೆಕೆಂಡ್ ಹ್ಯಾಂಡ್ ಆರ್ಗಾನ್

ಎಲ್ಲಕ್ಕೂ ಮೂಲ ಒಂದು ಪಾತ್ರೆ ಸ್ಟ್ಯಾಂಡು. ಅಡುಗೆಮನೆಯ ಮೂಲೆಯಲ್ಲಿ ಹತ್ತು ವರ್ಷ ತೆಪ್ಪಗೆ ನಿಂತಿದ್ದ ಆ ಸ್ಟೀಲ್ ಸ್ಟ್ಯಾಂಡಿನ ಕಾಲಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಇನ್ನೂ ಹತ್ತು ವರ್ಷ ನಿಲ್ಲುತ್ತಿತ್ತು. ಆದರೆ ಮನೆಯ ಯಜಮಾನ "ಇದನ್ನು ನಾನೇ ಬೆಸೆಯುತ್ತೇನೆ" ಎಂದು ಹೊರಟ. ಬೆಸೆಯುವ ಮೊದಲು ಬಿರುಕು ಎಷ್ಟು ಆಳವಿದೆ ಎಂದು ನೋಡಲು ಸ್ವಲ್ಪ ಬಗ್ಗಿಸಿದ. ಕಾಲು ಕೈಗೇ ಬಂತು.

ಅದಾಗಿ ಎಂಟು ದಿನ. ಎಂಟು ದಿನದಿಂದ ಮನೆಯ ತಟ್ಟೆ, ಲೋಟ, ಡಬರಿಗಳೆಲ್ಲ ನೆಲದ ಮೇಲೆ ಸಂಸಾರ ಹೂಡಿದ್ದವು. ನೀರು ಕುಡಿಯಲು ಹೋದವರು ಒಂದು ಲೋಟವನ್ನಾದರೂ ಒದೆಯದೆ ಹಿಂದಿರುಗುತ್ತಿರಲಿಲ್ಲ.

ಯಜಮಾನ ನೀರಿನ ಬಿಲ್ ಕಚೇರಿಯಲ್ಲಿ ಗುಮಾಸ್ತ. ಕಟ್ಟಡದ ಜನ ಅವನ ಬೆನ್ನ ಹಿಂದೆ ಕರೆಯುವ ಹೆಸರು ಅರ್ಧಂಬರ್ಧ. ಕೊಳಲು ಕಲಿಯಲು ಹೋಗಿ ಸ ರಿ ಗ ದಾಟಲಿಲ್ಲ. ಮೀನು ಸಾಕಲು ಹೋದ, ಮೀನುಗಳೇ ಅವನನ್ನು ಬಿಟ್ಟು ಹೋದವು. ಆದರೆ ಈ ವೆಲ್ಡಿಂಗಿನ ವಿಷಯ ಬೇರೆ. ಆರು ತಿಂಗಳ ಹಿಂದೆ ಯಾವುದೋ ವಿಡಿಯೋದಲ್ಲಿ ಟಿಗ್ ವೆಲ್ಡಿಂಗ್ ಎಂಬುದನ್ನು ನೋಡಿದ್ದ. ಸೂಜಿಯಂಥ ಟಂಗ್‌ಸ್ಟನ್ ಮೊನೆಯಲ್ಲಿ ಕಿಡಿ, ಗಾಳಿ ತಾಗಿ ಲೋಹ ಕೆಡದಂತೆ ಸುತ್ತ ಆರ್ಗಾನ್ ಎಂಬ ಅನಿಲದ ಮುಸುಕು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಕಡ್ಡಿ, ಮುಗಿದಾಗ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಬೆಸುಗೆಯ ಸಾಲು. ಅದನ್ನು ನೋಡಿದ ದಿನ ಅವನಿಗೆ ಊಟ ರುಚಿಸಲಿಲ್ಲ. ಬದುಕಿನಲ್ಲಿ ಒಂದು ಕೆಲಸವನ್ನಾದರೂ ಪೂರ್ತಿ ಕಲಿತರೆ ಅದು ಇದೇ ಎಂದುಕೊಂಡ. ಪಾಪ, ನಿಜವಾಗಿಯೇ ಅಂದುಕೊಂಡ.

ಆಸೆ ಆನೆಯಷ್ಟು, ಸಂಬಳ ಸಾಸಿವೆಯಷ್ಟು. ಮುಚ್ಚಿಹೋದ ವರ್ಕ್‌ಶಾಪೊಂದರಿಂದ ಹಳೆಯ ಮೆಷಿನ್ ತಂದ. ಅದರ ಜೊತೆಗೇ ತಳದಲ್ಲಿ ಒಂಚೂರು ಅನಿಲವಿದ್ದ ತುಕ್ಕು ಸಿಲಿಂಡರ್ ಪುಕ್ಕಟೆ ಸಿಕ್ಕಿತು. ಗುಲಾಬಿ ಗಿಡ ಕತ್ತರಿಸುವವರ ಕೈಗವಸು ತಂದ. ಟಂಗ್‌ಸ್ಟನ್ ಮೊನೆಯನ್ನು ಹೆಂಡತಿ ಚಾಕು ಮಸೆಯುವ ಕಲ್ಲಿನ ಮೇಲೆ ಚೂಪು ಮಾಡಿದ. ಅಭ್ಯಾಸಕ್ಕೆ ಮನೆಯ ಚಮಚಗಳು ಇದ್ದವು. ಈಗ ಹದಿನಾಲ್ಕು ಕಡಿಮೆಯಾಗಿವೆ.

ಮೆಷಿನ್ನನ್ನು ಮನೆಯೊಳಗೆ ತರಲು ಹೆಂಡತಿ ಬಿಡಲಿಲ್ಲವಾದ್ದರಿಂದ ಅದು ಕಟ್ಟಡದ ಮೆಟ್ಟಿಲ ಕೆಳಗೆ, ಹಳೆಯ ಹೊದಿಕೆಯೊಂದನ್ನು ಪರದೆಯಂತೆ ಇಳಿಬಿಟ್ಟು, ಅದರ ಹಿಂದೆ ಕೂತಿತು. ಮುರಿದ ಸ್ಟ್ಯಾಂಡೂ ಈಗ ಅಲ್ಲೇ ಇತ್ತು. ಕಟ್ಟಡದ ಸಂಘದ ಸೆಕ್ರೆಟರಿ ಅಕ್ಕ ದಿನಕ್ಕೆರಡು ಸಲ ಆ ಪರದೆ ಎತ್ತಿ ನೋಡಿ, ಮೂಗು ಮುರಿದು, ಮತ್ತೆ ಇಳಿಬಿಡುತ್ತಿದ್ದರು.

ಆ ದಿನ ಬೆಳಿಗ್ಗೆ ಹೆಂಡತಿ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತಳು. ಅವಳು ಗಣಿತದ ಟೀಚರ್. ಗಡುವು ಕೊಟ್ಟರೆ ನಿಮಿಷವನ್ನೂ ಸೇರಿಸಿ ಕೊಡುವವಳು.

"ನೋಡಿ, ಸಂಜೆ ಐದೂವರೆಗೆ ನಾನು ಬರ್ತೀನಿ. ಅಷ್ಟರಲ್ಲಿ ಆ ಸ್ಟ್ಯಾಂಡು ನಾಲ್ಕು ಕಾಲ ಮೇಲೆ ನಿಂತಿರ್ಬೇಕು. ಇಲ್ಲಾಂದ್ರೆ ನಿಮ್ಮ ಮೆಷಿನ್ನು ಗುಜರಿಗೆ. ನಾನೇ ಹೊತ್ತುಹಾಕಿ ಬರ್ತೀನಿ."

"ಗ್ಯಾಸೊಂದು ಸಿಕ್ಕಿಬಿಟ್ರೆ ಐದು ನಿಮಿಷದ ಕೆಲ್ಸ ಕಣೇ."

"ನಿಮ್ದು ಯಾವಾಗ್ಲೂ ಒಂದು ಸಿಕ್ಕಿಬಿಟ್ರೆ. ಒಳ್ಳೇ ಬಿದಿರು ಸಿಕ್ಕಿಬಿಟ್ರೆ, ಒಳ್ಳೇ ಮೀನು ಸಿಕ್ಕಿಬಿಟ್ರೆ. ಐದೂವರೆ. ಐದು ಮೂವತ್ತು."

ಅವಳು ಮೆಟ್ಟಿಲಿಳಿದು ಹೋದ ಮೇಲೆ ಗುಮಾಸ್ತ ಬಾಗಿಲು ಎಳೆದುಕೊಂಡು ಹೊರಬಿದ್ದ. ಅವಳು ಹೇಳಿದ್ದನ್ನು ಮಾಡುವವಳೇ. ಆ ಮೆಷಿನ್ ಹೋದರೆ ಅರ್ಧಂಬರ್ಧ ಎಂಬ ಹೆಸರು ಅವನಿಗೆ ಸಾಯುವವರೆಗೂ ಕಾಯಂ. ಮೆಟ್ಟಿಲ ಮೇಲೆಯೇ ನಿಂತು ಗ್ಯಾಸ್ ಅಂಗಡಿಗೆ ಫೋನು ಹಚ್ಚಿದ. ಗಡಿಬಿಡಿಯಲ್ಲಿ ಮಾತಾಡುವಾಗ ಅವನು ಅಕ್ಷರ ನುಂಗುವುದುಂಟು. ಆರ್ಗಾನ್ ಎಂಬ ಮಾತಿನ ನಡುವಿನ ಒಂದು ದೀರ್ಘ ಅವತ್ತು ಅವನ ಗಂಟಲಲ್ಲೇ ಉಳಿಯಿತು.

"ಹಲೋ, ನಂಗೊಂದು ಆರ್ಗನ್ ಬೇಕಿತ್ತು... ಹೌದು, ತುಂಬಾ ಅರ್ಜೆಂಟು... ಚಿಕ್ಕದು ಸಾಕು... ಅಯ್ಯೋ, ಹೊಸದು ನಮ್ಮಂಥೋರ ಕೈಗೆ ಎಟುಕುತ್ತಾ? ಸೆಕೆಂಡ್ ಹ್ಯಾಂಡೇ ಕೊಡಿ. ಯಾರು ಎಷ್ಟು ವರ್ಷ ಬಳಸಿದ್ರೂ ಪರವಾಗಿಲ್ಲ, ಸೋರಬಾರ್ದು ಅಷ್ಟೆ... ನಂದಾ? ನಂದು ಪೂರ್ತಿ ಖಾಲಿ. ನಿನ್ನೆ ಒಂದ್ಸಲ ಬುಸ್ ಅಂತು, ಆಮೇಲೆ ನಿಂತೇ ಹೋಯ್ತು... ಇಲ್ಲ ಇಲ್ಲ, ಯಾರೂ ಬರೋದು ಬೇಡ, ಮನೇಲೇ ನಾನೇ ಕೂರಿಸ್ಕೋತೀನಿ. ವಿಡಿಯೋ ನೋಡಿದ್ದೀನಿ... ಹೆಂಡ್ತಿಗೆ ಇನ್ನೂ ಹೇಳಿಲ್ಲ. ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಅಲ್ಲಿಗೆ ನನ್ನ ಕತೆ ಮುಗೀತು ಅಂದ್ಕೊಳ್ಳಿ."

ಒಂದು ಮಹಡಿ ಮೇಲೆ, ಮೆಟ್ಟಿಲ ಕಟಾಂಜನಕ್ಕೆ ಒರಗಿ, ಕಾಂಪೌಂಡರ್ ಮಾಮ ಇದನ್ನೆಲ್ಲ ಕೇಳಿಸಿಕೊಂಡರು. ಮೂವತ್ತು ವರ್ಷ ದೊಡ್ಡ ಆಸ್ಪತ್ರೆಯಲ್ಲಿ ಔಷಧಿ ಕಟ್ಟಿಕೊಟ್ಟು ನಿವೃತ್ತರಾದವರು. ಡಾಕ್ಟರ್ ಆಗುವುದೊಂದು ಬಿಟ್ಟರೆ ಡಾಕ್ಟರಿಗೆ ಗೊತ್ತಿರುವುದೆಲ್ಲ ತಮಗೂ ಗೊತ್ತು ಎಂದು ನಂಬಿದವರು. ಅವರಿಗೆ ಆರ್ಗನ್ ಎಂದರೆ ಒಂದೇ ಅರ್ಥ, ದೇಹದೊಳಗಿನ ಅಂಗ. ಬುಸ್ ಅಂದದ್ದರಿಂದ ಶ್ವಾಸಕೋಶ ಇರಬಹುದು. ಸೋರಬಾರದು ಅಂದದ್ದರಿಂದ ಕಿಡ್ನಿ ಇರಬಹುದು. ಚಿಕ್ಕದು ಸಾಕು ಅಂದದ್ದನ್ನೂ ಸೇರಿಸಿ ತೂಗಿ ನೋಡಿ, ಅವರು ಕಿಡ್ನಿಯೆಂದೇ ತೀರ್ಮಾನಿಸಿದರು. ಪಾಪದ ಹುಡುಗ, ಬಡತನಕ್ಕೆ ಸೆಕೆಂಡ್ ಹ್ಯಾಂಡ್ ಕಿಡ್ನಿ ತಂದು ವಿಡಿಯೋ ನೋಡಿ ಮನೆಯಲ್ಲೇ ಕೂರಿಸಿಕೊಳ್ಳಲು ಹೊರಟಿದ್ದಾನೆ!

ಗುಮಾಸ್ತ ಕಚೇರಿ ತಲುಪುವುದರೊಳಗೆ ಸುದ್ದಿ ತಲುಪಿತ್ತು. ಅಲ್ಲಿನ ಮ್ಯಾನೇಜರು ಕಾಂಪೌಂಡರ್ ಮಾಮನ ಮುಂಜಾನೆಯ ವಾಕಿಂಗ್ ಜೊತೆಗಾರರು.

ಕುರ್ಚಿಗೆ ಕೂರುವ ಮುಂಚೆಯೇ ಪಕ್ಕದ ಮೇಜಿನವರು ಎದ್ದು ಅವನ ಕುರ್ಚಿ ಒರೆಸಿದರು. ಆರು ವರ್ಷದಿಂದ ಅವನ ಪೆನ್ನು ಕದಿಯುತ್ತಿದ್ದ ಕ್ಯಾಷಿಯರು ನಾಲ್ಕು ಪೆನ್ನು ವಾಪಸ್ ತಂದಿಟ್ಟು, ಮಾತಿಲ್ಲದೆ ಅವನ ಹೆಗಲು ತಟ್ಟಿ ಹೋದರು. ಗುಮಾಸ್ತ ಪೆನ್ನುಗಳನ್ನು ಎರಡು ಸಲ ಎಣಿಸಿದ. ಅಷ್ಟರಲ್ಲಿ ಮ್ಯಾನೇಜರ ಕೋಣೆಯಿಂದ ಕರೆ ಬಂತು.

"ಬನ್ನಿ, ಬಾಗಿಲು ಹಾಕಿ. ಮೆಲ್ಲಗೆ ಕೂತ್ಕೊಳ್ಳಿ, ಮೆಲ್ಲಗೆ. ನಂಗೆ ಎಲ್ಲಾ ಗೊತ್ತಾಗಿದೆ."

ಗುಮಾಸ್ತ ಕುರ್ಚಿಯ ತುದಿಯಲ್ಲಿ ಕೂತ. ಆರು ತಿಂಗಳಿಂದ ಮೇಜಿನ ಕೆಳಗಿನ ಖಾನೆಯಲ್ಲಿ ಫೋನಿಟ್ಟುಕೊಂಡು ವೆಲ್ಡಿಂಗ್ ವಿಡಿಯೋ ನೋಡುತ್ತಿದ್ದುದು ಕೊನೆಗೂ ಬಯಲಾಯಿತು! ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದೇ ಮೇಲು ಎಂದುಕೊಂಡ.

"ತಪ್ಪಾಯ್ತು ಸಾರ್."

"ಇದ್ರಲ್ಲಿ ತಪ್ಪೇನು ಬಂತು? ಯಾರಿಗೆ ಬೇಕಾದ್ರೂ ಬರಬಹುದು. ಎಷ್ಟು ದಿನದಿಂದ ಇದೆ?"

"ಆರು ತಿಂಗಳು ಸಾರ್. ಮೊದಮೊದ್ಲು ಊಟದ ಹೊತ್ತಲ್ಲಿ ಮಾತ್ರ ಇತ್ತು. ಆಮೇಲೆ ಬೆಳಿಗ್ಗೆ ಮಧ್ಯಾಹ್ನ ಅಂತಿಲ್ಲ. ಬಿಲ್ ಬರೀತಾ ಬರೀತಾನೇ ಶುರುವಾಗ್ಬಿಡತ್ತೆ."

"ಛೆ ಛೆ ಛೆ. ಉರಿ ಇದ್ಯಾ?"

"ಬೆರಳು ಉರಿಯತ್ತೆ ಸಾರ್. ಎರಡು ಸಲ ಕಣ್ಣೂ ಉರೀತು, ರೆಪ್ಪೆ ಮುಚ್ಚೋಕಾಗ್ಲಿಲ್ಲ."

"ಕಣ್ಣಿಗೂ ಏರಿಬಿಡ್ತಾ!" ಮ್ಯಾನೇಜರು ಕನ್ನಡಕ ತೆಗೆದರು. "ಮುಂದೇನು ಮಾಡ್ಬೇಕು ಅಂತಿದ್ದೀರಿ?"

ಬೈಗುಳದ ಬದಲು ಇಷ್ಟು ಮೃದು ಮಾತು ಕೇಳಿ ಗುಮಾಸ್ತನಿಗೆ ಧೈರ್ಯ ಬಂತು. ಮ್ಯಾನೇಜರಿಗೂ ಈ ಕಲೆಯಲ್ಲಿ ಆಸಕ್ತಿ ಇರಬೇಕು ಎಂದುಕೊಂಡ.

"ಇವತ್ತೊಂದು ಆರ್ಗನ್ ಹೊಂದಿಸ್ಕೊಂಡ್ರೆ ಎಲ್ಲ ಸರಿಹೋಗತ್ತೆ ಸಾರ್. ಮಾರ್ಕೆಟ್ ಹಿಂದಿನ ಅಂಗಡೀಲಿ ಒಂದಿದ್ಯಂತೆ. ಕೊಂಡ್ಕೊಳ್ಳೋಕೆ ಆಗದವ್ರಿಗೆ ಬಾಡಿಗೆಗೂ ಕೊಡ್ತಾರಂತೆ."

"ಬಾಡಿಗೆಗಾ?"

"ಹೂಂ ಸಾರ್. ಮುಗಿದ ಮೇಲೆ ವಾಪಸ್ ಕೊಟ್ರಾಯ್ತು. ಬೇರೆಯೋರಿಗೆ ಹಾಕ್ತಾರೆ."

ಮುಗಿದ ಮೇಲೆ ಎಂಬ ಮಾತನ್ನು ಅವನು ನಗುನಗುತ್ತಲೇ ಹೇಳಿದ್ದು ಕಂಡು ಮ್ಯಾನೇಜರಿಗೆ ತಡೆಯಲಾಗಲಿಲ್ಲ. ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು ಎದ್ದು ನಿಂತರು. "ಹೋಗಿ ಹೋಗಿ, ಇವತ್ತು ರಜೆ. ಮೊದ್ಲು ಜೀವ, ಆಮೇಲೆ ಬಿಲ್ಲು" ಎಂದರು.

ಕೇಳದೆ ಸಿಕ್ಕ ರಜೆ. ಗುಮಾಸ್ತ ನೆಟ್ಟಗೆ ಗ್ಯಾಸ್ ಅಂಗಡಿಗೆ ಓಡಿದ. ಹನ್ನೆರಡೂವರೆಗೆಲ್ಲ ಮೊಣಕಾಲೆತ್ತರದ ಆರ್ಗಾನ್ ಸಿಲಿಂಡರನ್ನು ಎಳೆಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಆಟೋದಲ್ಲಿ ಬರುತ್ತಿದ್ದ. ಊಟವಿಲ್ಲದಿದ್ದರೂ ಅವನಿಗೆ ಹಸಿವಿರಲಿಲ್ಲ. ಇನ್ನೂ ಐದು ಗಂಟೆಯಿದೆ. ಮೊದಲು ಮೂರು ಚಮಚ ಬೆಸೆದು ಕೈ ಪಳಗಿಸಿಕೊಳ್ಳುವುದು, ಆಮೇಲೆ ಸ್ಟ್ಯಾಂಡು. ಐದೂವರೆಗೆ ಅವಳು ಬಂದಾಗ ಅದರ ಮೇಲೆ ಒಂದು ಲೋಟ ನೀರಿಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತಿರುವುದು.

ಆಟೋ ಗೇಟಿನ ಮುಂದೆ ನಿಂತಿತು. ಗೇಟಿನಲ್ಲಿ ಇಡೀ ಕಟ್ಟಡವೇ ನಿಂತಿತ್ತು.

"ನೋಡಿದ್ರಾ?" ಎಂದರು ಕಾಂಪೌಂಡರ್ ಮಾಮ ಪಿಸುದನಿಯಲ್ಲಿ. ಮಾಮನ ಪಿಸುದನಿ ಮೂರನೇ ಮಹಡಿಗೂ ಕೇಳಿಸುತ್ತದೆ. "ಆಗ್ಲೇ ಆಕ್ಸಿಜನ್ ಹಿಡ್ಕೊಂಡೇ ಓಡಾಡೋ ಹಂತಕ್ಕೆ ಬಂದಿದೆ."

ಸಿಲಿಂಡರ್ ಎತ್ತಲು ಬಗ್ಗಿದ ಗುಮಾಸ್ತನನ್ನು ಸೆಕ್ರೆಟರಿ ಅಕ್ಕ ಭುಜ ಹಿಡಿದು ನಿಲ್ಲಿಸಿದರು. "ನೀನು ಭಾರ ಎತ್ತಬಾರ್ದಪ್ಪ!"

ಇಷ್ಟು ದಿನ ಅವನ ಮೆಷಿನ್ ಕಂಡರೆ ಮೂಗು ಮುರಿಯುತ್ತಿದ್ದವರ ಬಾಯಲ್ಲಿ ಅಪ್ಪ ಎಂಬ ಮಾತು ಕೇಳಿ ಅವನು ಪೆಚ್ಚಾದ. ಅಷ್ಟರಲ್ಲಿ ಜಿಮ್ ಮೇಷ್ಟ್ರು ಒಂದು ಪ್ಲಾಸ್ಟಿಕ್ ಕುರ್ಚಿ ತಂದರು. ಮೇಲಿನ ಮಹಡಿಯ ಈ ಜಿಮ್ ಮೇಷ್ಟ್ರ ತೋಳು ಗುಮಾಸ್ತನ ತೊಡೆಯಷ್ಟಿತ್ತು. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗಾಳಿ ತಗಲಬಾರದೆಂದು ತಲೆಯ ಮೇಲೆ ಶಾಲು ಹೊದಿಸಿ, ನಾಲ್ವರು ಎತ್ತಿ ನಡೆದೇಬಿಟ್ಟರು. ಹಿಂದೆ ಕಾಂಪೌಂಡರ್ ಮಾಮ ಸಿಲಿಂಡರನ್ನು ಎದೆಗವಚಿಕೊಂಡು ಬಂದರು.

"ಅಯ್ಯೋ, ಇಷ್ಟೆಲ್ಲ ಯಾಕೆ? ನಂಗೆ ಮೆಟ್ಟಿಲ ಕೆಳಗೆ ಕೆಲ್ಸ ಇದೆ" ಎಂದ ಗುಮಾಸ್ತ ಶಾಲಿನೊಳಗಿಂದ.

"ಕೆಲ್ಸದ ಯೋಚ್ನೆ ಬಿಡು. ಇನ್ನು ನೀನು ನಮ್ಮ ಜವಾಬ್ದಾರಿ" ಎಂದರು ಅಕ್ಕ.

ಶಾಲಿನ ಸಂದಿಯಿಂದ ಮೆಟ್ಟಿಲ ಕೆಳಗಿನ ಪರದೆ ಕಂಡಿತು. ಅದರ ಹಿಂದೆ ತನ್ನ ಮೆಷಿನ್ ಕಾಯುತ್ತಿದೆ ಎಂದುಕೊಂಡು ಅವನು ಪರದೆಗೇ ಒಂದು ನಗೆ ಬೀರಿದ.

ಮನೆಯಲ್ಲಿ ಅವನನ್ನು ಹಾಸಿಗೆಯ ಮೇಲೆ ಮಲಗಿಸಿ, ಕಿಟಕಿ ಮುಚ್ಚಿ, ಕಾಲಿಗೆ ಕಾಲುಚೀಲ ಹಾಕಿದರು. ಕಾಂಪೌಂಡರ್ ಮಾಮ ನಾಡಿ ಹಿಡಿದು ಗಡಿಯಾರ ನೋಡುತ್ತ "ಹೂಂ" ಎಂದರು. ಆ "ಹೂಂ" ಗುಮಾಸ್ತನಿಗೆ ಹಿಡಿಸಲಿಲ್ಲ.

"ನಂಗೇನಾಗಿದೆ ಮಾಮ?"

"ಏನೂ ಆಗಿಲ್ಲ. ಏನೇನೂ ಆಗಿಲ್ಲ" ಎಂದು ಮಾಮ ಮುಖ ಆಚೆ ತಿರುಗಿಸಿದರು.

ಏನೂ ಆಗದವನಿಗೆ ಯಾರೂ ಎರಡೆರಡು ಸಲ ಹಾಗೆ ಹೇಳುವುದಿಲ್ಲ. ಗುಮಾಸ್ತನಿಗೆ ವಿಡಿಯೋಗಳು ನೆನಪಾದವು. ಪ್ರತಿ ವೆಲ್ಡಿಂಗ್ ವಿಡಿಯೋದ ಕೊನೆಯಲ್ಲೂ ಹೊಗೆಯ ಬಗ್ಗೆ ಏನೋ ಎಚ್ಚರಿಕೆ ಬರುತ್ತಿತ್ತು, ಅವನು ಪ್ರತಿ ಸಲವೂ ಅದನ್ನು ಓಡಿಸಿಬಿಡುತ್ತಿದ್ದ. ಕಚೇರಿಯಲ್ಲಿ ಕುರ್ಚಿ ಒರೆಸಿದ್ದು, ಪೆನ್ನುಗಳು ವಾಪಸ್ ಬಂದದ್ದು, ಮ್ಯಾನೇಜರು ಕಣ್ಣೀರು ಹಾಕಿದ್ದು ಎಲ್ಲ ಒಟ್ಟಾಗಿ ಎದುರು ಬಂದು ನಿಂತವು. ತನ್ನ ಮುಖದಲ್ಲೇನೋ ಕೇಡು ಕಾಣಿಸುತ್ತಿರಬೇಕು. ತನಗೊಬ್ಬನಿಗೆ ಗೊತ್ತಾಗಿಲ್ಲ, ಅಷ್ಟೆ. ಅವನು ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡು ಮಲಗಿದ.

ಎರಡು ಗಂಟೆಯಾಯಿತು. ಮೂರಾಯಿತು. ಭಯದ ಜೊತೆಗೆ ಇನ್ನೊಂದು ಸಂಕಟವೂ ಕೊರೆಯತೊಡಗಿತು. ಸಾಯುವುದಾದರೆ ಸ್ಟ್ಯಾಂಡು ಬೆಸೆದೇ ಸಾಯಬೇಕು. ಇಲ್ಲದಿದ್ದರೆ ಅರ್ಧಂಬರ್ಧ ಬದುಕಿದ, ಅರ್ಧಂಬರ್ಧ ಸತ್ತ ಎನ್ನುತ್ತಾರೆ. ಮೂರು ಸಲ ಮೆಲ್ಲಗೆ ಎದ್ದು ಬಾಗಿಲವರೆಗೆ ಹೋದ. ಮೂರು ಸಲವೂ ಜಿಮ್ ಮೇಷ್ಟ್ರು ಅವನನ್ನು ದಿಂಬಿನಂತೆ ಎತ್ತಿ ತಂದು ಹಾಸಿಗೆಗೆ ಹಾಕಿದರು.

ನಾಲ್ಕರ ಹೊತ್ತಿಗೆ ಹೊರಗಿನ ಕೋಣೆಯಲ್ಲಿ ಸಭೆ ಸೇರಿತು. ಕಾಂಪೌಂಡರ್ ಮಾಮನ ದನಿ ಬಾಗಿಲ ಸಂದಿಯಿಂದ ಒಳಗೆ ಬರುತ್ತಿತ್ತು.

"ನೋಡಿ, ಬಾಯಲ್ಲಿ ಪಾಪ ಅಂದ್ರೆ ಆಗಲ್ಲ. ಎಲ್ರ ಹತ್ರಾನೂ ಎರಡೆರಡು ಇದೆ. ಒಂದು ಕೊಟ್ರೆ ಇನ್ನೊಂದ್ರಲ್ಲಿ ಆರಾಮಾಗಿ ನಡಿಯತ್ತೆ. ಯಾರು ಕೊಡ್ತೀರಿ?"

ಹೊರಗೆ ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದ ಸದ್ದಾಯಿತು.

"ನಮ್ಮನೇಲಿ ಖರ್ಚು ಜಾಸ್ತಿ" ಎಂದರು ಕೊನೆಗೆ ಸೆಕ್ರೆಟರಿ ಅಕ್ಕ. "ಎರಡಿದ್ರೂ ಸಾಲಲ್ಲ."

"ಮೇಷ್ಟ್ರೇ, ನೀವು? ಗಟ್ಟಿಮುಟ್ಟಾಗಿದ್ದೀರಿ."

"ನಂದು ಬರೀ ಪ್ರೋಟೀನ್ ಪುಡೀಲಿ ಬೆಳೆದಿರೋದು ಮಾಮ. ಹೊರಗಿಂದ ನೋಡೋಕಷ್ಟೇ ಚೆನ್ನ. ನೀವೇ ಯಾಕೆ..."

"ನಂದು ಹಳೇದು, ಸೋರತ್ತೆ" ಎಂದು ಮಾಮ ತಟ್ಟನೆ ಹೇಳಿದರು. "ಅವನು ಸೋರಬಾರ್ದು ಅಂತ ಮೊದ್ಲೇ ಹೇಳಿದ್ದಾನೆ."

ಒಳಗೆ ಗುಮಾಸ್ತನಿಗೆ ಅರ್ಥವಾಯಿತು. ಎಲ್ಲರ ಮನೆಯಲ್ಲೂ ಅಡುಗೆ ಗ್ಯಾಸಿನ ಸಿಲಿಂಡರ್ ಎರಡೆರಡಿವೆಯಲ್ಲ, ಅದನ್ನು ಕೊಡುವ ಮಾತು! ತನ್ನ ವೆಲ್ಡಿಂಗಿಗಾಗಿ ಇವರು ಒಲೆ ಆರಿಸಲೂ ತಯಾರಾಗಿದ್ದಾರೆ. ಅವನು ಎದ್ದು ಕೂತ. ಹಾಸಿಗೆಯಿಂದಲೇ ಕೂಗಿದ:

"ಯಾರೂ ಕೊಡ್ಬೇಡಿ! ನಿಮ್ಮದ್ಯಾವುದೂ ನಂಗೆ ಆಗಲ್ಲ. ನಂದೇ ಬೇರೆ ಟೈಪು. ನಿಮ್ಮದು ಹಾಕಿದ್ರೆ ಕಟ್ಟಡಾನೇ ಹಾರಿಹೋಗತ್ತೆ!"

"ನೋಡಿ, ಬುದ್ಧಿಗೂ ಏರಿಬಿಡ್ತು" ಎಂದರು ಮಾಮ ಸಭೆಗೆ. ಆದರೆ ಹೊಂದುವುದಿಲ್ಲ ಎಂದು ರೋಗಿಯೇ ಹೇಳಿಬಿಟ್ಟದ್ದರಿಂದ ಸಭೆಯ ಮೈಯೆಲ್ಲ ಹಗುರಾಯಿತು. ಈಗ ಎಲ್ಲರೂ ಕೊಡಲು ಎಷ್ಟು ಆಸೆಯಿತ್ತೆಂದು ಹೇಳತೊಡಗಿದರು.

ಹೀಗಿರುವಾಗ ಐದು ಇಪ್ಪತ್ತೈದಕ್ಕೆ ಬಾಗಿಲು ದಢಾರನೆ ತೆರೆದುಕೊಂಡಿತು. ಗೇಟಿನಲ್ಲಿ ಯಾರೋ ಒಂದು ಮಾತು ಹೇಳಿದ್ದೇ ಸಾಕಾಗಿ, ಹೆಂಡತಿ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದಿದ್ದಳು. ಕೈಚೀಲ ಎಸೆದು ಹಾಸಿಗೆಯ ಪಕ್ಕ ಕುಸಿದು ಕೂತಳು.

"ಯಾಕ್ರೀ ನಂಗೆ ಹೇಳ್ಲಿಲ್ಲ? ಆ ಸ್ಟ್ಯಾಂಡಿನ ಮನೆ ಹಾಳಾಗ! ನಾನು ಸ್ಟ್ಯಾಂಡು ಸ್ಟ್ಯಾಂಡು ಅಂತ ನಿಮ್ಮ ಜೀವ ತಿಂದೆನಲ್ಲಾ. ಮೆಷಿನ್ನು ನಿಮಗೆ ಬೇಕಾದಷ್ಟು ದಿನ ಇಟ್ಕೊಳ್ಳಿ. ಅಡುಗೆಮನೇಲಿ ಇಟ್ಕೊಳ್ಳಿ, ಹಾಸಿಗೆ ಮೇಲೆ ಮಲಗಿಸ್ಕೊಳ್ಳಿ, ನಾನು ಕಮಕ್ ಕಿಮಕ್ ಅನ್ನಲ್ಲ. ಇಷ್ಟು ಜನದ ಮುಂದೆ ಮಾತು ಕೊಡ್ತಿದ್ದೀನಿ. ನೀವು ಬದುಕಿದ್ರೆ ಸಾಕು."

"ನಂಗೇನಾಗಿದೆಯೇ?" ಎಂದ ಗುಮಾಸ್ತ ಬಿಕ್ಕುತ್ತ. ಅವಳು ಅಳುವುದನ್ನು ಕಂಡು ಅವನಿಗೂ ಅಳು ಬಂದಿತ್ತು.

"ಕಿಡ್ನಿ ಹೋಗಿ ಕೂತಿದೆ, ನನ್ನ ಕೇಳ್ತೀರಾ! ಬೇರೆಯೋರ ಹತ್ರ ಕೈಚಾಚೋದು ಬೇಡ. ನಂದು ತಗೊಳ್ಳಿ. ಎಡಗಡೇದು ಬೇಕಾ, ಬಲಗಡೇದು ಬೇಕಾ?"

"ಬೆಳಿಗ್ಗೆ ನೀನು ಫೋನಲ್ಲಿ ಆರ್ಗನ್ ಬೇಕು ಅಂದಿದ್ದು ನಾನೇ ಕೇಳಿಸ್ಕೊಂಡೆ. ಮುಚ್ಚಿಡೋದು ಸಾಕು ಮಗಾ" ಎಂದರು ಮಾಮ ಬಾಗಿಲಲ್ಲಿ.

ಗುಮಾಸ್ತನ ತಲೆಯಲ್ಲಿ ಟಾರ್ಚು ಹೊತ್ತಿಕೊಂಡಿತು. ಬೆಳಗಿನ ಫೋನು, ಬಾಡಿಗೆಯ ಮಾತು, ಎರಡೆರಡರ ಸಭೆ, ಎಲ್ಲಕ್ಕೂ ಒಮ್ಮೆಗೇ ಅರ್ಥ ಹುಟ್ಟಿತು. ತನಗೆ ಯಾವ ರೋಗವೂ ಇಲ್ಲ! ಅಷ್ಟೇ ಅಲ್ಲ, ಇನ್ನು ಎರಡು ದಿನ ಬಾಯಿಮುಚ್ಚಿ ಮಲಗಿದರೆ ಮೆಷಿನ್ ಕೂಡ ಶಾಶ್ವತವಾಗಿ ಉಳಿಯುತ್ತದೆ. ಎಂಥ ಸುಲಭದ ದಾರಿ! ಅವನು ಬಾಯಿ ಮುಚ್ಚಿಯೂ ನೋಡಿದ. ಆದರೆ ಅವಳು ಎರಡೂ ಕೈಯಿಂದ ತನ್ನ ಸೊಂಟ ಒತ್ತಿ ನೋಡಿಕೊಳ್ಳುತ್ತ, ಎರಡರಲ್ಲಿ ಚೆನ್ನಾಗಿರುವುದು ಯಾವುದೆಂದು ಆರಿಸುತ್ತಿದ್ದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಇಷ್ಟು ಚಂದ ಎಂದೂ ಕಂಡಿರಲಿಲ್ಲ. ಅವನಿಂದ ಸುಳ್ಳು ಹೇಳಲಾಗಲಿಲ್ಲ.

"ನಂಗೆ ಬೇಕಾಗಿದ್ದು ಆರ್ಗನ್ ಅಲ್ಲ ಕಣೇ. ಆರ್ಗಾನ್. ಗ್ಯಾಸು. ವೆಲ್ಡಿಂಗಿಗೆ. ಅದೇ ಅಲ್ಲಿದೆ ನೋಡು, ಆ ಸಿಲಿಂಡರಿನೊಳಗೆ."

ಕಾಂಪೌಂಡರ್ ಮಾಮ ತಮ್ಮ ಕಾಲಬುಡದ ಸಿಲಿಂಡರನ್ನು ಬಗ್ಗಿ ನೋಡಿದರು. ಬೆರಳಿನಿಂದ ತಟ್ಟಿಯೂ ನೋಡಿದರು. "ಇದ್ರೊಳಗೆ ಕಿಡ್ನಿ ಇದ್ಯಾ?" ಎಂದರು.

ಎರಡು ಸಲ ಬಿಡಿಸಿ ಹೇಳಿದ ಮೇಲೆ ಎಲ್ಲರಿಗೂ ವಿಷಯ ಇಳಿಯಿತು. ಹೆಂಡತಿ ಮೊದಲು ಕಣ್ಣೊರೆಸಿಕೊಂಡಳು. ಆಮೇಲೆ ಕೈಗೆ ಸಿಕ್ಕ ದಿಂಬಿನಿಂದ ಅವನಿಗೆ ನಾಲ್ಕು ಬಾರಿಸಿದಳು. ಐದನೆಯದಕ್ಕೆ ಎತ್ತಿದ ದಿಂಬಿನಲ್ಲೇ ಮುಖ ಹುದುಗಿಸಿ, ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಕೊಟ್ಟ ಮಾತು?" ಎಂದ ಗುಮಾಸ್ತ ಹೆದರುತ್ತಲೇ.

"ಕೊಟ್ಟ ಮಾತು ಮಾತೇ. ಇಟ್ಕೊಳ್ಳಿ ನಿಮ್ಮ ಮೆಷಿನ್ನು. ಹಾಳಾಗ್ಹೋಗಿ."

ಗೆದ್ದ! ಬದುಕಿನಲ್ಲಿ ಮೊದಲ ಸಲ ಒಂದು ಕೆಲಸದಲ್ಲಿ ಕೊನೆಯವರೆಗೂ ಹೋಗಿ ಗೆದ್ದ. ಗುಮಾಸ್ತ ಕಾಲುಚೀಲದಲ್ಲೇ ಹಾಸಿಗೆಯಿಂದ ಹಾರಿ, ಸಿಲಿಂಡರನ್ನು ಹೆಗಲಿಗೇರಿಸಿ, ಮೆಟ್ಟಿಲು ಇಳಿದ. ಹಿಂದೆಯೇ ಇಡೀ ಕಟ್ಟಡ ಇಳಿಯಿತು. ಎಲ್ಲರೂ ನೋಡುತ್ತಿದ್ದಾರೆ, ಈಗಲೇ ಬೆಸೆದು ತೋರಿಸಿಬಿಡೋಣ ಎಂದು ಅವನು ಪರದೆಯನ್ನು ಸರ್ರನೆ ಸರಿಸಿದ.

ಒಳಗೆ ಪಾತ್ರೆ ಸ್ಟ್ಯಾಂಡು ನಾಲ್ಕು ಕಾಲ ಮೇಲೆ ನೆಟ್ಟಗೆ ನಿಂತಿತ್ತು. ಮುರಿದ ಜಾಗದಲ್ಲಿ ಮೀನಿನ ಹುರುಪೆಯಂಥ ಬೆಸುಗೆಯ ಸಾಲು ಮಿನುಗುತ್ತಿತ್ತು. ಮೆಷಿನ್ ಇರಲಿಲ್ಲ.

"ನನ್ನ... ನನ್ನ ಮೆಷಿನ್ನು?"

ಸೆಕ್ರೆಟರಿ ಅಕ್ಕ ಸೆರಗು ಸರಿಮಾಡಿಕೊಂಡರು. "ನಿನ್ನ ಜೀವಕ್ಕಿಂತ ಮೆಷಿನ್ ಹೆಚ್ಚಾ ಅಂತ ಬೆಳಿಗ್ಗೇನೇ ಮಾರಿಬಿಟ್ಟೆನಪ್ಪ. ತಿರುವಿನ ಹತ್ರ ಹೊಸದಾಗಿ ವರ್ಕ್‌ಶಾಪ್ ಹಾಕಿದ್ದಾರಲ್ಲ, ಆ ವೆಲ್ಡರಿಗೆ. ತಗೊಳ್ಳೋ ಮುಂಚೆ ತಮ್ಮದೇ ಗ್ಯಾಸ್ ಹಾಕಿ ಪರೀಕ್ಷೆ ಮಾಡ್ತೀನಿ ಅಂದ್ರು. ಮುರಿದಿದ್ದು ಇನ್ನೇನೂ ಇರ್ಲಿಲ್ಲ, ಈ ಸ್ಟ್ಯಾಂಡನ್ನೇ ತೋರಿಸ್ದೆ. ಐದು ನಿಮಿಷ ಹಿಡೀಲಿಲ್ಲ ನೋಡು."

"ದುಡ್ಡು?"

"ಆಸ್ಪತ್ರೆಗೆ ಮುಂಗಡ ಕಟ್ಟಿಯಾಯ್ತು. ತಲೆಯಿಂದ ಕಾಲಿನವರೆಗೆ ಎಲ್ಲಾ ಪರೀಕ್ಷೆ. ವಾಪಸ್ ಕೊಡಲ್ವಂತೆ. ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಹೋಗ್ಬೇಕು."

ಗುಮಾಸ್ತ ಹೆಂಡತಿಯ ಕಡೆ ನೋಡಿದ. ಅವಳು ಬೆಸುಗೆಯ ಮೇಲೆ ಬೆರಳಾಡಿಸುತ್ತಿದ್ದಳು. "ಎಷ್ಟು ನಯವಾಗಿದೆ ರೀ" ಎಂದಳು. ಆಮೇಲೆ ಅವನ ಮುಖ ಕಂಡು, "ನಾನು ಇಟ್ಕೊಳ್ಳಿ ಅಂತಾನೇ ಅಂದಿದ್ದೆ. ಇಲ್ಲದೇ ಇರೋದನ್ನ ನೀವಾದ್ರೂ ಹೇಗೆ ಇಟ್ಕೋತೀರಿ?" ಎಂದಳು.

ಅದೇ ಹೊತ್ತಿಗೆ ಗೇಟಿನಿಂದ ಒಬ್ಬರು ಏದುಸಿರು ಬಿಡುತ್ತ ಬಂದರು. ಮೆಷಿನ್ ಕೊಂಡ ವೆಲ್ಡರೇ.

"ಸಾರ್, ಮೆಷಿನ್ ಬಂಗಾರ ಸಾರ್! ಆದ್ರೆ ನನ್ನ ಹತ್ರ ಆರ್ಗಾನ್ ಮುಗ್ದೇಹೋಯ್ತು. ಅಂಗಡಿ ಮುಚ್ಚಿದ್ದಾರೆ. ಬೆಳಿಗ್ಗೆಯೊಳಗೆ ಐದು ಮಂಚ ಕೊಡ್ಬೇಕು. ಮಧ್ಯಾಹ್ನ ಆಟೋದಲ್ಲಿ ತುಂಬಿದ್ದೊಂದು ತಂದ್ರಲ್ಲ, ಇದ್ಯಾ?"

"ಕೊಟ್ಬಿಡಪ್ಪ" ಎಂದರು ಸೆಕ್ರೆಟರಿ ಅಕ್ಕ. "ನಿನಗಿನ್ನು ಅದು ಯಾಕೆ?"

ಗುಮಾಸ್ತ ಜೇಬು ತಡಕಿದ. ಬಾಡಿಗೆಯ ಚೀಟಿಯನ್ನೂ ಸೇರಿಸಿ ಸಿಲಿಂಡರನ್ನು ಹೆಗಲಿಂದ ಹೆಗಲಿಗೆ ದಾಟಿಸಿದ. ವೆಲ್ಡರು ಕೈಮುಗಿದು ಓಡಿದರು. ಹಗುರಾದ ಹೆಗಲನ್ನು ಉಜ್ಜಿಕೊಳ್ಳುತ್ತ ಅವನು ಮೆಟ್ಟಿಲ ಮೇಲೆ ಕೂತ. ಅವನಿಗೆ ನಿಜವಾಗಿಯೂ ದುಃಖವಾಯಿತು.

ಕಾಂಪೌಂಡರ್ ಮಾಮ ಮಾತ್ರ ಆಗಲೇ ಫೋನು ಹಿಡಿದಿದ್ದರು. ಬೆಳಿಗ್ಗೆ ತಾವೇ ಹಬ್ಬಿಸಿದ ಗಾಬರಿಯನ್ನು ತಾವೇ ಇಳಿಸುವುದು ಧರ್ಮ ಎಂದು ಮ್ಯಾನೇಜರಿಗೆ ಕರೆ ಹಚ್ಚಿ, ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ್ದರು. ಹೊಸದಾಗಿ ಕಲಿತ ಮಾತಿನ ದೀರ್ಘ ಅವರ ಗಂಟಲಲ್ಲೂ ಉಳಿದುಹೋಯಿತು.

"ಸಾರ್, ಏನೂ ಗಾಬರಿಯಿಲ್ಲ. ಅವನಿಗೇನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದ್ದಾನೆ. ಈಗ ತಾನೇ ಅವನೇ ಇನ್ನೊಬ್ರಿಗೆ ತನ್ನ ಆರ್ಗನ್ ಕೊಟ್ಟ. ನಾನೇ ಕಣ್ಣಾರೆ ನೋಡ್ದೆ!"

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು. ಆಮೇಲೆ ಮ್ಯಾನೇಜರ ಗದ್ಗದ ದನಿ ಕೇಳಿಸಿತು.

"ಕೊಟ್ಟೇಬಿಟ್ರಾ! ಬೆಳಿಗ್ಗೆ ತನಗೇ ಇಲ್ಲ ಅಂತಿದ್ದ ಮನುಷ್ಯ! ಇಂಥೋರು ನಮ್ಮ ಆಫೀಸಲ್ಲಿದ್ದಾರಲ್ಲ... ಒಂದು ತಿಂಗಳು ರಜೆ, ನಾನೇ ಬರ್ಕೋತೀನಿ. ಹಾಸಿಗೆ ಬಿಟ್ಟು ಏಳಕೂಡದು. ನಾಳೆ ಸಂಜೆ ಆಫೀಸಿನವ್ರೆಲ್ಲ ನೋಡೋಕೆ ಬರ್ತೀವಿ. ಅವ್ರಿಗೆ ಫೋನ್ ಕೊಡಿ, ಕೊಡಿ."

ಮಾಮ ಫೋನನ್ನು ಗುಮಾಸ್ತನ ಕೈಗಿತ್ತರು. ಒಂದು ತಿಂಗಳು ರಜೆ! ಇಂಥದೊಂದು ತಿಂಗಳಿಗಾಗಿ ಅವನು ಆರು ತಿಂಗಳಿಂದ ಕನಸು ಕಂಡಿದ್ದ. ಈಗ ಅದು ಬಂದಿದೆ, ಮೆಷಿನ್ ಹೋಗಿದೆ. ನಿಜ ಹೇಳಿಬಿಡಲು ಅವನು ಬಾಯಿ ತೆರೆದ. ಆದರೆ ನಿಜ ಹೇಳಿದರೆ, ಬಿಲ್ ಬರೆಯುತ್ತ ಬರೆಯುತ್ತಲೇ ಶುರುವಾಗುತ್ತದೆ ಎಂದು ಬೆಳಿಗ್ಗೆ ಒಪ್ಪಿಕೊಂಡ ಆರು ತಿಂಗಳ ರೋಗ ಮೇಜಿನ ಕೆಳಗಿನ ವಿಡಿಯೋ ಎಂಬುದನ್ನೂ ಹೇಳಬೇಕಾಗುತ್ತದೆ. ತೆರೆದ ಬಾಯಿ ತೆರೆದೇ ಉಳಿಯಿತು.

"ಹಲೋ, ಕೇಳಿಸ್ತಿದ್ಯಾ?" ಎಂದರು ಮ್ಯಾನೇಜರು. "ಜಾಸ್ತಿ ಮಾತಾಡ್ಬೇಡಿ, ಆಯಾಸ ಆಗತ್ತೆ. ಒಂದೇ ಒಂದು ಹೇಳಿ ಸಾಕು. ಹೊಲಿಗೆ ಎಷ್ಟು ಬಿದ್ದಿದೆ?"

ಗುಮಾಸ್ತ ಹೆಂಡತಿಯ ಮುಖ ನೋಡಿದ. ಸ್ಟ್ಯಾಂಡಿನ ಕಾಲಿನ ಬೆಸುಗೆಯ ಹುರುಪೆಗಳನ್ನು ಎಣಿಸಿದ. ಕಣ್ಣು ಮುಚ್ಚಿಕೊಂಡ.

"ಏಳು ಸಾರ್" ಎಂದ.